ಠೇವಣಿ ಹೋದರೂ ಸರಿ, ಪ್ರಾಣ ಹೋಗಬಾರದು

ನಮ್ಮ ರಾಜ್ಯದಲ್ಲಿ ಚುನಾವಣೆಗೂ ಬೇಸಿಗೆಗೂ ಬಿಡಿಸಲಾಗದ ನಂಟು ಬೆಳೆದುಬಿಟ್ಟಿದೆ. ವಿಧಾನಸಭೆಗೆ 2008, 2013, 2018 ಮತ್ತು 2023ರಲ್ಲಿ ಮತದಾನ ನಡೆದದ್ದು ಮೇ ತಿಂಗಳಿನಲ್ಲಿ. ಲೋಕಸಭೆಗೆ 2004ರಿಂದ 2024ರವರೆಗೆ ನಡೆದ ಐದು ಮಹಾಚುನಾವಣೆಗಳಲ್ಲೂ ಕನ್ನಡಿಗರು ಮತ ಹಾಕಿದ್ದು ಏಪ್ರಿಲ್ ಅಥವಾ ಮೇ ತಿಂಗಳಿನಲ್ಲೇ. ಮತಗಟ್ಟೆಗೆ ಹೋಗಿಬರುವ ನಮಗೆ ಅದು ಒಂದು ಗಂಟೆಯ ಬಿಸಿಲು. ಮತ ಕೇಳಲು ಹೊರಟವರಿಗೆ ಅದು ಎರಡು ಮೂರು ವಾರಗಳ ಬಿಸಿಲು.

ಈ ಬಿಸಿಲು ಎಲ್ಲ ಅಭ್ಯರ್ಥಿಗಳ ಮೇಲೂ ಒಂದೇ ಸಮನಾಗಿ ಬೀಳುತ್ತದೆಂದು ತಿಳಿಯಬೇಡಿ. ದೊಡ್ಡ ಪಕ್ಷದ ಅಭ್ಯರ್ಥಿ ಹವಾನಿಯಂತ್ರಿತ ಕಾರಿನಿಂದ ಇಳಿದು, ಶಾಮಿಯಾನದ ಕೆಳಗೆ ಅರ್ಧ ಗಂಟೆ ಮಾತನಾಡಿ, ಮತ್ತೆ ಕಾರು ಹತ್ತುತ್ತಾನೆ. ಅವನ ಪರವಾಗಿ ಮನೆ ಮನೆ ತಿರುಗಲು ಕಾರ್ಯಕರ್ತರಿದ್ದಾರೆ, ಪತ್ರಿಕೆಗಳಲ್ಲಿ ಜಾಹೀರಾತುಗಳಿವೆ. ಪಕ್ಷೇತರನಾಗಿ, ಕೈಯಿಂದ ದುಡ್ಡು ಹಾಕಿಕೊಂಡು ನಿಂತವನಿಗೆ ಇರುವುದು ಒಂದು ಬಾಡಿಗೆ ಆಟೊ, ಅದಕ್ಕೆ ಕಟ್ಟಿದ ಮೈಕು, ಒಂದು ಕಟ್ಟು ಕರಪತ್ರ, ನಾಲ್ಕು ಜನ ಗೆಳೆಯರು, ಹೆಂಡತಿ, ತಮ್ಮ, ಭಾವಮೈದುನ. ಅವನ ದೊಡ್ಡ ಬಂಡವಾಳ ಅವನ ಎರಡು ಕಾಲುಗಳು ಮತ್ತು ಗಂಟಲು. ಆ ಬಂಡವಾಳ ಕರಗಿಹೋದರೆ ಪ್ರಚಾರವೇ ಮುಗಿದಂತೆ.

ಅವನು ಗೆಲ್ಲಬೇಕೋ ಸೋಲಬೇಕೋ ಎಂಬುದು ಮತದಾರರಿಗೆ ಬಿಟ್ಟ ವಿಷಯ. ಈ ಅಂಕಣದ ಕಾಳಜಿ ಅವನೂ ಅವನ ಜೊತೆಗಾರರೂ ಫಲಿತಾಂಶದ ದಿನ ಆರೋಗ್ಯವಾಗಿ ಮನೆಯಲ್ಲಿ ಕುಳಿತಿರಬೇಕು ಎಂಬುದಷ್ಟೇ. ಇದರಲ್ಲಿ ಅವರು ಮಾಡಬೇಕಾದದ್ದೂ ಇದೆ, ಚುನಾವಣೆ ನಡೆಸುವವರು ಮಾಡಬೇಕಾದದ್ದೂ ಇದೆ.

ಎರಡು ವಾರದ ಓಟ

ಬುದ್ಧಿಯಿರುವ ಮನುಷ್ಯ ಮಟಮಟ ಮಧ್ಯಾಹ್ನದಲ್ಲಿ ಏಕೆ ತಿರುಗುತ್ತಾನೆ ಎಂದು ಕೇಳಬಹುದು. ಕಾರಣ ಕಾಲದ ಅಭಾವ. ಪಕ್ಷೇತರ ಅಭ್ಯರ್ಥಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸು ಪಡೆಯುವ ದಿನ ಮುಗಿದ ಮೇಲೆ. ಅಲ್ಲಿಂದ ಮತದಾನದ ದಿನಕ್ಕೆ ಇರಬೇಕಾದ ಕನಿಷ್ಠ ಅಂತರ ಮೊದಲು 20 ದಿನಗಳಿದ್ದದ್ದನ್ನು 1996ರಲ್ಲಿ ಕಾನೂನು 14ಕ್ಕೆ ಇಳಿಸಿತು. ಅದರಲ್ಲಿ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ಮಾಡುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಮೊದಲ ಹಂತಕ್ಕೆ ಏಪ್ರಿಲ್ 8 ವಾಪಸಾತಿಯ ಕೊನೆಯ ದಿನ, ಏಪ್ರಿಲ್ 26 ಮತದಾನ. ನಡುವೆ ಪ್ರಚಾರಕ್ಕೆ ಸಿಕ್ಕಿದ್ದು ಹದಿನಾರೇ ದಿನ.

ಕಮಲ, ಕೈ ಮುಂತಾದ ಚಿಹ್ನೆಗಳನ್ನು ಜನರಿಗೆ ಪರಿಚಯಿಸಬೇಕಾಗಿಲ್ಲ. ಪಕ್ಷೇತರನು ತನಗೆ ಸಿಕ್ಕಿದ ಹೊಲಿಗೆ ಯಂತ್ರವನ್ನೋ ಗ್ಯಾಸ್ ಸಿಲಿಂಡರನ್ನೋ ಎರಡೇ ವಾರದಲ್ಲಿ ಮನೆಮನೆಗೆ ಮುಟ್ಟಿಸಬೇಕು. ನಮ್ಮ ರಾಜ್ಯದ ಒಂದೊಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಎರಡು ದಿನಕ್ಕೆ ಒಂದು ವಿಧಾನಸಭಾ ಕ್ಷೇತ್ರವೆಂದು ಹಂಚಿಕೊಂಡರೂ ದಿನಕ್ಕೆ ಹತ್ತಾರು ಹಳ್ಳಿ. ಆಗ ಬೆಳಗ್ಗೆ ಮಧ್ಯಾಹ್ನ ಎಂಬ ಭೇದ ಅಳಿದುಹೋಗುತ್ತದೆ. ಊಟ ತಪ್ಪುತ್ತದೆ, ನಿದ್ದೆ ನಾಲ್ಕು ಗಂಟೆಗೆ ಇಳಿಯುತ್ತದೆ, ನೀರು ನೆನಪಾದಾಗ ಒಂದು ಗುಟುಕು.

ಇಂಥವನಿಗೆ ಇನ್ನೊಂದು ಮಾತು ಗೊತ್ತಿರಬೇಕು. ಈಗಿನ ಕಾನೂನಿನ ಪ್ರಕಾರ ಮತದಾನಕ್ಕೆ ಮುಂಚೆ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. ಪಕ್ಷೇತರನು ತೀರಿಕೊಂಡರೆ ಚುನಾವಣೆ ಒಂದು ದಿನವೂ ನಿಲ್ಲುವುದಿಲ್ಲ. ನಿಲ್ಲುವುದು ಅವನ ಮನೆಯ ಒಲೆ ಮಾತ್ರ.

ಮೈಯೊಳಗೆ ನಡೆಯುವುದೇನು?

ನಮ್ಮ ದೇಹ ಸದಾ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಲು ಹೆಣಗುತ್ತದೆ. ನಡೆಯುವಾಗ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಆ ಶಾಖವನ್ನು ರಕ್ತ ಚರ್ಮದವರೆಗೆ ಹೊತ್ತು ತರುತ್ತದೆ, ಬೆವರು ಆರುವಾಗ ಅದು ಗಾಳಿಗೆ ಸೇರುತ್ತದೆ. ಹೊರಗಿನ ಗಾಳಿಯೇ ಮೈಗಿಂತ ಬಿಸಿಯಾಗಿರುವ ರಾಯಚೂರು, ಕಲಬುರಗಿ, ವಿಜಯಪುರಗಳ ಮೇ ತಿಂಗಳಿನಲ್ಲಿ ಬೆವರೊಂದೇ ದಾರಿ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಉಷ್ಣತೆ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿಯ ವಿಷಯದಲ್ಲಿ ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಗಡಿಯಾಗಿ ಇಟ್ಟುಕೊಂಡಿದೆ.

ಪತ್ರಿಕೆಯಲ್ಲಿ ಓದುವ ಉಷ್ಣಾಂಶ ನೆರಳಿನದು ಎಂಬುದನ್ನೂ ಮರೆಯಬಾರದು. ಗಾಳಿಯಾಡುವ ಪೆಟ್ಟಿಗೆಯೊಳಗೆ ಇಟ್ಟ ಮಾಪಕದಿಂದ ಅದನ್ನು ಅಳೆಯುತ್ತಾರೆ. ಡಾಂಬರು ರಸ್ತೆಯ ಮೇಲೆ, ತಗಡಿನ ಆಟೊದೊಳಗೆ, ನೆತ್ತಿಯ ಮೇಲೆ ಸೂರ್ಯನಿರುವಾಗ ಮೈಗೆ ತಟ್ಟುವ ಕಾವು ಅದಕ್ಕಿಂತ ಎಷ್ಟೋ ಹೆಚ್ಚು.

ಬಿಸಿಲಿನಲ್ಲಿ ಬಿರುಸಾಗಿ ನಡೆಯುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರು ಕಳೆದುಕೊಳ್ಳಬಹುದು. ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ. ರಕ್ತದ ಪ್ರಮಾಣ ತಗ್ಗಿ, ಹೃದಯ ಜೋರಾಗಿ ಬಡಿಯುತ್ತದೆ. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಭಾರವಾಗುತ್ತದೆ, ವಾಕರಿಕೆ ಬರುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಇದು ಬಳಲಿಕೆಯ ಹಂತ. ಇಲ್ಲಿ ಎಚ್ಚೆತ್ತರೆ ಅಪಾಯವಿಲ್ಲ. ಎಚ್ಚೆತ್ತುಕೊಳ್ಳದೆ ಮುಂದುವರಿದರೆ ಮೈಯ ಒಳಗಿನ ಕಾವು 40 ಡಿಗ್ರಿ ದಾಟಿ ಮಿದುಳು ಕೆಡುತ್ತದೆ. ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದೇ ಹೀಟ್ ಸ್ಟ್ರೋಕ್. ಇಲ್ಲಿ ಕಳೆಯುವ ಒಂದೊಂದು ನಿಮಿಷವೂ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಕುತ್ತು. ಮೈಯೆಲ್ಲ ಬೆವರುತ್ತಿದೆ, ಆದ್ದರಿಂದ ಇದು ಹೀಟ್ ಸ್ಟ್ರೋಕ್ ಆಗಿರಲಾರದು ಎಂದು ಸುಮ್ಮನಾಗುವುದು ದೊಡ್ಡ ತಪ್ಪು. ದುಡಿಯುತ್ತಿರುವಾಗಲೇ ಬೀಳುವವರಲ್ಲಿ ಬೆವರು ಇನ್ನೂ ಹರಿಯುತ್ತಿರುವುದುಂಟು. ನೋಡಬೇಕಾದದ್ದು ಬೆವರನ್ನಲ್ಲ, ಬುದ್ಧಿಯ ತಿಳಿವನ್ನು.

ಇದು ಹೆದರಿಸಲು ಹೇಳುವ ಮಾತಲ್ಲ. 2024ರ ಏಪ್ರಿಲ್ 24ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪ್ರಚಾರ ವೇದಿಕೆಯ ಮೇಲೆಯೇ ಕುಸಿದರು. ಸೆಕೆಯೇ ಕಾರಣವೆಂದು ಅವರೇ ಹೇಳಿದರು. ಸುತ್ತಲೂ ಜನವಿತ್ತು, ಕೂಡಲೇ ಉಪಚಾರ ಸಿಕ್ಕಿತು, ಬೇಗನೆ ಚೇತರಿಸಿಕೊಂಡು ಭಾಷಣ ಮುಂದುವರಿಸಿದರು. ಅದೇ ಚುನಾವಣೆಯ ಕೊನೆಯ ಹಂತದಲ್ಲಿ, ಜೂನ್ 1ರಂದು, ಉತ್ತರ ಪ್ರದೇಶದಲ್ಲಿ 33 ಮಂದಿ ಚುನಾವಣಾ ಸಿಬ್ಬಂದಿ ಬಿಸಿಲಿನ ಬೇಗೆಗೆ ಬಲಿಯಾದರೆಂದು ಅಲ್ಲಿನ ಮುಖ್ಯ ಚುನಾವಣಾಧಿಕಾರಿಯೇ ತಿಳಿಸಿದರು. ಅದಕ್ಕೆ ಒಂದು ವರ್ಷ ಮೊದಲು, 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಬಿಸಿಲಿಗೆ ಕುಳಿತಿದ್ದ 14 ಮಂದಿ ಸತ್ತರು. ಸಚಿವರ ಸುತ್ತ ಇದ್ದಂಥ ಜನ, ಉಪಚಾರ, ವಾಹನ ಯಾವುದೂ ಒಂಟಿಯಾಗಿ ಹಳ್ಳಿ ತಿರುಗುವ ಪಕ್ಷೇತರನ ಸುತ್ತ ಇರುವುದಿಲ್ಲ.

ಮೊದಲ ವಾರವೇ ಕಠಿಣ

ದೇಹ ಬಿಸಿಲಿಗೆ ಹೊಂದಿಕೊಳ್ಳಬಲ್ಲದು. ಆದರೆ ಅದಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟರೊಳಗೆ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ಹೊಲದಲ್ಲಿ ದುಡಿಯುವವರಿಗೆ ಈ ರೂಢಿ ಮೊದಲೇ ಇರುತ್ತದೆ. ಅಂಗಡಿ, ಕಚೇರಿ, ಶಾಲೆ, ವಕೀಲಿಕೆಯಿಂದ ನೇರವಾಗಿ ಬೀದಿಗಿಳಿದವರಿಗೆ ಇರುವುದಿಲ್ಲ.

ಅರವತ್ತು ದಾಟಿದ ನಿವೃತ್ತ ಮಾಸ್ತರರೊಬ್ಬರು ಊರಿನ ಕುಡಿಯುವ ನೀರಿನ ವಿಷಯ ಹಿಡಿದು ಚುನಾವಣೆಗೆ ನಿಂತರೆಂದು ಇಟ್ಟುಕೊಳ್ಳಿ. ಅವರಿಗೆ ರಕ್ತದೊತ್ತಡವಿದೆ, ಸ್ವಲ್ಪ ಸಕ್ಕರೆ ಕಾಯಿಲೆಯೂ ಇದೆ. ಚಿಹ್ನೆ ಸಿಕ್ಕ ಮರುದಿನವೇ ಅವರು ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯತೊಡಗಿದರೆ ಮೊದಲ ನಾಲ್ಕೈದು ದಿನವೇ ಅವರಿಗೆ ಹೆಚ್ಚು ಅಪಾಯದ ದಿನಗಳು. ನಾಮಪತ್ರ ಹಾಕುವ ಯೋಚನೆ ಬಂದಾಗಲೇ ಬೆಳಗ್ಗೆ ಸಂಜೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ ನಡೆಯುವ ಅಭ್ಯಾಸ ಮಾಡಿಕೊಂಡಿದ್ದರೆ ಇದೇ ನಡಿಗೆ ಹಗುರವಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ, ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕಾದದ್ದೂ ಇಲ್ಲ.

ಇಂಥವರು ಪ್ರಚಾರಕ್ಕೆ ಹೊರಡುವ ಮುನ್ನ ತಮ್ಮ ವೈದ್ಯರನ್ನು ಒಮ್ಮೆ ಕಾಣಲೇಬೇಕು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ನೀರು ಹೊರಹಾಕುತ್ತವೆ. ಬಿಸಿಲಿನ ದಿನಗಳಲ್ಲಿ ಅವುಗಳ ಪ್ರಮಾಣ ಬದಲಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಬೇಕು. ತಾವಾಗಿಯೇ ಮಾತ್ರೆ ಬಿಡುವುದು ಸಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಿದ ವಾಹನದೊಳಗೆ ಬಿಟ್ಟರೆ ಕಾವಿಗೆ ಅದರ ಶಕ್ತಿ ಕುಂದುತ್ತದೆ. ಊಟ ತಪ್ಪಿಸಿ ಸಕ್ಕರೆ ಮಾತ್ರೆ ನುಂಗುವುದಂತೂ ಇನ್ನೂ ಅಪಾಯ.

ಹೆಣ್ಣುಮಕ್ಕಳು ಹೇಳದ ತೊಂದರೆ

ಪಕ್ಷೇತರನ ಪ್ರಚಾರದಲ್ಲಿ ಮನೆಯ ಹೆಣ್ಣುಮಕ್ಕಳ ಪಾಲು ದೊಡ್ಡದು. ಒಳಮನೆಯವರೆಗೂ ಹೋಗಿ, ‘ಅಕ್ಕಾ, ಈ ಸಲ ನಮ್ಮೋರಿಗೆ ಒಂದು ಓಟು ಹಾಕ್ರಿ’ ಎಂದು ಕೇಳಬಲ್ಲವರು ಅವರೇ. ಆದರೆ ಅವರು ಬೆಳಗ್ಗೆ ಮನೆ ಬಿಟ್ಟವರು ಸಂಜೆಯವರೆಗೆ ನೀರನ್ನೇ ಮುಟ್ಟುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಜಾಗವಿಲ್ಲ. ಈ ಮಾತನ್ನು ಅವರು ಅಭ್ಯರ್ಥಿಗೆ ಹೇಳುವುದಿಲ್ಲ, ಅಭ್ಯರ್ಥಿಗೆ ಅದು ಹೊಳೆಯುವುದೂ ಇಲ್ಲ. ಪರಿಣಾಮವಾಗಿ ಉರಿಮೂತ್ರ, ಜ್ವರ, ಮೂತ್ರನಾಳದ ಸೋಂಕು, ಮೂತ್ರಪಿಂಡಕ್ಕೆ ಪೆಟ್ಟು.

ಇದಕ್ಕೆ ಪರಿಹಾರ ಸುಲಭ. ದಿನದ ದಾರಿಯನ್ನು ಗೊತ್ತುಮಾಡುವಾಗಲೇ ಎರಡು ಗಂಟೆಗೊಮ್ಮೆ ಪರಿಚಯದವರ ಮನೆಯೊಂದು ಸಿಗುವಂತೆ ನೋಡಿಕೊಳ್ಳಬೇಕು. ಅಲ್ಲಿ ಹದಿನೈದು ನಿಮಿಷ ಕುಳಿತು, ಮುಖ ತೊಳೆದು, ಶೌಚಕ್ಕೆ ಹೋಗಿ, ನೀರು ಕುಡಿದು ಮುಂದಕ್ಕೆ ಹೊರಡಬೇಕು. ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಬಿಸಿಲಿಗೆ ಕರೆದೊಯ್ಯಲೇಬಾರದು. ಕರಪತ್ರ ಹಂಚಲು ಓಣಿಯ ಹುಡುಗರನ್ನು ಕರೆಯುವ ಪದ್ಧತಿಯಂತೂ ತಪ್ಪೇ. ಮಕ್ಕಳನ್ನು ಪ್ರಚಾರಕ್ಕೆ ಬಳಸಕೂಡದೆಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದೆ.

ಮಧ್ಯಾಹ್ನದ ಪ್ರಚಾರಕ್ಕೆ ಮತವಿಲ್ಲ

ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ ಎಂದು ಆರೋಗ್ಯ ಇಲಾಖೆ, ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ವರ್ಷ ಹೇಳುತ್ತವೆ. ಪ್ರಚಾರದವರು ಅದನ್ನು 11ರಿಂದ 4ರವರೆಗೆ ಎಂದು ಹಿಗ್ಗಿಸಿಕೊಳ್ಳಲಿ ಎಂಬುದು ನಮ್ಮ ಸಲಹೆ. ಐದು ಗಂಟೆ ಕಳೆದುಕೊಂಡರೆ ಗತಿಯೇನು ಎನ್ನುವವರು ತುಸು ಯೋಚಿಸಲಿ. ಆ ಹೊತ್ತಿನಲ್ಲಿ ಹಳ್ಳಿಯಲ್ಲಿ ಯಾರು ಸಿಗುತ್ತಾರೆ? ದುಡಿಯುವವರು ಹೊಲದಲ್ಲೋ ಕೂಲಿಯಲ್ಲೋ ಇರುತ್ತಾರೆ. ಮನೆಯಲ್ಲಿರುವ ಮುದುಕರು ಊಟ ಮುಗಿಸಿ ಅಡ್ಡಾಗಿರುತ್ತಾರೆ. ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದ ಅಜ್ಜಿ ಮತ ಹಾಕುವ ಮಾತು ಹಾಗಿರಲಿ, ಬಯ್ಯದೆ ಬಿಟ್ಟರೆ ಪುಣ್ಯ.

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಬಹುಕಾಲದಿಂದ ಇದೆ. ಫ್ಯಾನಿನ ಕೆಳಗೆ ಕುಳಿತು ಕೆಲಸ ಮಾಡುವವರಿಗೇ ಸರ್ಕಾರ ಈ ವಿನಾಯಿತಿ ಕೊಡುವಾಗ, ಬಯಲಿನಲ್ಲಿ ತಿರುಗುವವರು ತಮಗೆ ತಾವೇ ಕೊಟ್ಟುಕೊಳ್ಳುವುದರಲ್ಲಿ ನಾಚಿಕೆಯೇನು?

ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಷೇಧ. ಉಳಿದದ್ದರಲ್ಲಿ ತಂಪು ಹೊತ್ತು ಬೇಕಾದಷ್ಟಿದೆ. ಬೆಳಗ್ಗೆ 6ರಿಂದ 10.30ರವರೆಗೆ ನಡಿಗೆಯ ಪ್ರಚಾರ. ಹಾಲಿನ ಡೇರಿ, ಬಸ್ ನಿಲ್ದಾಣ, ಚಹಾದ ಅಂಗಡಿ, ಕೂಲಿಗೆ ಹೊರಡುವವರು ಸೇರುವ ವೃತ್ತ, ಇವೆಲ್ಲ ತುಂಬಿರುವುದು ಆಗಲೇ. ಮಧ್ಯಾಹ್ನ ನೆರಳಿನಲ್ಲಿ ಕುಳಿತು ಮಾಡುವ ಕೆಲಸಗಳು: ಫೋನು, ವಾಟ್ಸಾಪ್, ಖರ್ಚಿನ ಪುಸ್ತಕ ಬರೆಯುವುದು, ಮಾರನೆಯ ದಿನದ ದಾರಿ ಗೊತ್ತುಮಾಡುವುದು, ಒಂದು ಗಂಟೆ ನಿದ್ದೆ. ಸಂಜೆ 4.30ರಿಂದ 9ರವರೆಗೆ ಮತ್ತೆ ಮನೆ ಭೇಟಿ, ಕಟ್ಟೆಯ ಮೇಲಿನ ಮಾತುಕತೆ, ಸಣ್ಣ ಸಭೆ. ಸಂಜೆಯ ಸಭೆಗೆ ಮೈದಾನ ಬೇಕಾದರೆ ಅರ್ಜಿಯನ್ನು ಬೇಗ ಕೊಡಬೇಕು. ಮೊದಲು ಕೇಳಿದವರಿಗೆ ಮೊದಲು ಎಂಬ ನಿಯಮವಿದೆ. ತಡಮಾಡಿದ ಪಕ್ಷೇತರನಿಗೆ ಮಧ್ಯಾಹ್ನದ ಹೊತ್ತೇ ಉಳಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದುಡ್ಡಿಗೆ ಮಾತ್ರವಲ್ಲ, ದೇಹದ ಶಕ್ತಿಗೂ ಸಲ್ಲುತ್ತದೆ. ಹಾಗೆಯೇ ನಿದ್ದೆಗೂ. ನಿದ್ದೆಗೆಟ್ಟ ದೇಹ ಬಿಸಿಲನ್ನು ತಾಳುವುದಿಲ್ಲ. ಆರು ಗಂಟೆಗಿಂತ ಕಡಿಮೆ ಮಲಗಿದವನನ್ನು ಮರುದಿನ ಬಿಸಿಲಿಗೆ ಕಳುಹಿಸಬಾರದು. ಅಂಥವನಿಗೆ ಆಟೊ ಓಡಿಸಲು ಕೊಡುವುದಂತೂ ಬೇಡವೇ ಬೇಡ.

ಅಗ್ಗದ ಔಷಧಿ ಮಣ್ಣಿನ ಬಿಂದಿಗೆಯಲ್ಲಿ

ಒಬ್ಬೊಬ್ಬರಿಗೂ ಒಂದು ಲೀಟರಿನ ಬಾಟಲಿ ಕೈಯಲ್ಲಿರಲಿ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಕುಡಿಯಬೇಕು. ಮೂತ್ರದ ಬಣ್ಣವೇ ಅಳತೆಗೋಲು. ತಿಳಿಹಳದಿ ಇದ್ದರೆ ಸರಿ, ಚಹಾದ ಡಿಕಾಕ್ಷನ್‌ನಂತೆ ಕಡುಬಣ್ಣವಾದರೆ ಅಂದಿನ ತಿರುಗಾಟ ಸಾಕು.

ಬೆವರು ಸುರಿಸುವವರಿಗೆ ಬರೀ ನೀರು ಸಾಲದು, ಉಪ್ಪೂ ಬೇಕು. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಬಿಂದಿಗೆಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ತಗ್ಗಿ ತಲೆಸುತ್ತು, ಗೊಂದಲ ಉಂಟಾಗುವುದುಂಟು. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಥವಾ ಜೋಳದ ಅಂಬಲಿ, ಗಂಜಿನೀರು, ಉಪ್ಪು–ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕ, ಇವೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಔಷಧಿಗಳೇ. ಓಆರ್‌ಎಸ್ ಪುಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು, ಅರ್ಧ ಲೋಟಕ್ಕಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಟ್ಟಿನ ಪೊಟ್ಟಣಗಳಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಚಹಾ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆಂಬುದು ಅತಿಶಯೋಕ್ತಿ. ಆದರೆ ಮನೆಗೊಂದರಂತೆ ದಿನಕ್ಕೆ ಹದಿನೈದು ಚಹಾ ಕುಡಿದು ನೀರನ್ನೇ ಮರೆಯುವುದು ತೊಂದರೆಯ ಮೂಲ. ಮದ್ಯದ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಸಂಜೆಯ ‘ಪಾರ್ಟಿ’ ಕೊಡದಿದ್ದರೆ ಹುಡುಗರು ಬರುವುದಿಲ್ಲ ಎನ್ನುವ ಪ್ರಚಾರದಲ್ಲಿ ಮರುದಿನ ಬಿಸಿಲಿಗೆ ಮೊದಲು ಬೀಳುವವರು ಆ ಹುಡುಗರೇ. ರಸ್ತೆಬದಿಯ ಐಸು ಹಾಕಿದ ಕಬ್ಬಿನಹಾಲು, ಕತ್ತರಿಸಿಟ್ಟ ಹಣ್ಣು, ಬೆಳಗ್ಗೆ ಕಟ್ಟಿ ಮಧ್ಯಾಹ್ನದವರೆಗೆ ಆಟೊದಲ್ಲಿ ಬೆಂದ ಚಿತ್ರಾನ್ನದ ಪೊಟ್ಟಣ, ಇವು ವಾಂತಿಭೇದಿಗೆ ನೇರ ದಾರಿ. ಅವಲಕ್ಕಿ, ರೊಟ್ಟಿ–ಚಟ್ನಿಪುಡಿ, ಬಾಳೆಹಣ್ಣು, ಶೇಂಗಾ ಹೊತ್ತೊಯ್ಯುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಬಿಳಿ ಅಥವಾ ತಿಳಿಬಣ್ಣದ ಸಡಿಲವಾದ ಹತ್ತಿಯ ಅಂಗಿ, ತಲೆಗೆ ಟವೆಲ್ಲು ಅಥವಾ ಟೋಪಿ, ಕೈಯಲ್ಲಿ ಛತ್ರಿ. ಕುತ್ತಿಗೆ ತುಂಬ ಹಾರ ಹಾಕಿಸಿಕೊಂಡು, ನೈಲಾನ್ ಶಾಲು ಹೊದ್ದು ಬಿಸಿಲಿನಲ್ಲಿ ಮೆರವಣಿಗೆ ಹೋಗುವುದು ಮೈಯ ಗಾಳಿಯನ್ನು ತಡೆದು ಬೇಯಿಸಿದಂತೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಟ್ಟದೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿದೆ. ಇಟ್ಟುಕೊಂಡರೆ ತೊಂದರೆಯಿಲ್ಲ, ಅದನ್ನು ನಂಬಿ ನೀರು ಬಿಡುವುದು ತೊಂದರೆ.

ಖರ್ಚಿನ ಮಾತು ಬಂದಾಗ ಒಂದು ಎಚ್ಚರಿಕೆ. ಜೊತೆಗಾರರಿಗೆ ಕೊಡಿಸುವ ಮಜ್ಜಿಗೆಯನ್ನು ದಿನದ ಲೆಕ್ಕದಲ್ಲಿ ಬರೆದಿಡಿ. ಮತದಾರರಿಗೆ ಹಂಚಿದರೆ ಅದು ಆಮಿಷವೆನಿಸೀತು. ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ಖರ್ಚು ಮಾಡಬಹುದೆಂದು ಆಯೋಗ 2022ರಲ್ಲಿ ಮಿತಿ ಏರಿಸಿದೆ. ಬಡ ಪಕ್ಷೇತರನಿಗೆ ಆ ಮಿತಿ ಕನಸಿನಲ್ಲೂ ಎಟುಕದು. ಅವನು ಲೋಕಸಭೆಗೆ ಕಟ್ಟುವ 25,000 ರೂಪಾಯಿ ಠೇವಣಿಯೇ ಅವನ ಮನೆಗೆ ದೊಡ್ಡ ಮೊತ್ತ. ಆದರೂ ನೀರು, ಮಜ್ಜಿಗೆ, ಛತ್ರಿಗಳಿಗೆ ಹಾಕಿದ ಹಣ ಕರಪತ್ರಕ್ಕೆ ಹಾಕಿದ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕುಸಿದು ಬಿದ್ದರೆ

ಜೊತೆಗಾರರಲ್ಲಿ ಒಬ್ಬರಿಗೆ ಪ್ರತಿದಿನ ಒಂದೇ ಕೆಲಸ ಒಪ್ಪಿಸಿ: ಉಳಿದವರ ಮುಖ ನೋಡುತ್ತಿರುವುದು. ಯಾರಾದರೂ ಸಿಡುಕತೊಡಗಿದರೆ, ಅಸಂಬದ್ಧವಾಗಿ ಮಾತಾಡಿದರೆ, ಹಿಂದೆ ಬಿದ್ದರೆ ಕೂಡಲೇ ನೆರಳಿಗೆ ಕರೆದೊಯ್ಯಬೇಕು. ಅಭ್ಯರ್ಥಿಯೇ ಆದರೂ ಸರಿ. ‘ನನಗೇನೂ ಆಗಿಲ್ಲ’ ಎಂಬ ಅವರ ಮಾತನ್ನು ನಂಬಬೇಕಾಗಿಲ್ಲ.

ಬಳಲಿಕೆ ಮಾತ್ರವಾಗಿದ್ದರೆ ಕಾಲು ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಮಂಕಾಗಿದ್ದರೆ 108ಕ್ಕೆ ಫೋನು ಮಾಡಿ, ಅದು ಬರುವವರೆಗೆ ಸುಮ್ಮನೆ ಕಾಯಬೇಡಿ. ಬಿಂದಿಗೆಯಿಂದ ಮೈಮೇಲೆ ನೀರು ಸುರಿಯುತ್ತಾ ಕರಪತ್ರಗಳಿಂದಲೇ ಗಾಳಿ ಬೀಸಿ. ಐಸು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಹೋದೀತು. ಒಂದು ಮಗ್ಗುಲಿಗೆ ಮಲಗಿಸಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು.

ಬೇಸಿಗೆಯೇ ಏಕೆ?

ಇಷ್ಟೆಲ್ಲ ಎಚ್ಚರಿಕೆ ಹೇಳಿ ಮುಗಿಸಿದರೆ ಅರ್ಧ ಮಾತು ಹೇಳಿದಂತೆ. ಚುನಾವಣೆ ಬೇಸಿಗೆಯಲ್ಲೇ ನಡೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ. ಮಲೆನಾಡಿನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಕೈಯಲ್ಲಿ ಕಾಸಿಲ್ಲದೆ, ಜನರಿಂದಲೇ ಓಟನ್ನೂ ನೋಟನ್ನೂ ಕೇಳಿ 1952ರಲ್ಲಿ ಗೆದ್ದದ್ದು ಇಂದಿಗೂ ನೆನೆಯುವ ಮಾತು. ಕಡಿಮೆ ಖರ್ಚಿನ ಆ ಪ್ರಚಾರ ಚಳಿಗಾಲದ್ದು ಎಂಬುದನ್ನು ಯಾರೂ ನೆನೆಯುವುದಿಲ್ಲ. 1980ರಲ್ಲಿ ಜನವರಿ, 1984ರಲ್ಲಿ ಡಿಸೆಂಬರ್, 1989ರಲ್ಲಿ ನವೆಂಬರ್, 1998ರಲ್ಲಿ ಫೆಬ್ರುವರಿ, 1999ರಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಹೀಗೆ ಲೋಕಸಭೆಗೆ ಬೇರೆ ಕಾಲಗಳಲ್ಲೂ ಮತದಾನ ನಡೆದಿದೆ. 2004ರ ನಂತರವೇ ಬೇಸಿಗೆ ಖಾಯಂ ಆದದ್ದು.

ಸದನದ ಅವಧಿ ಮುಗಿಯಲು ಆರು ತಿಂಗಳು ಉಳಿದಾಗಿನಿಂದ ಚುನಾವಣೆಯ ಅಧಿಸೂಚನೆ ಹೊರಡಿಸಲು ಜನಪ್ರತಿನಿಧಿ ಕಾಯ್ದೆ ಅವಕಾಶ ಕೊಟ್ಟಿದೆ. 2024ರಲ್ಲಿ ಮತ ಎಣಿಕೆಯ ಮುನ್ನಾದಿನ ಅಂದಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್ ಅವರೇ, ಚುನಾವಣೆಯನ್ನು ಒಂದು ತಿಂಗಳಾದರೂ ಮೊದಲೇ ಮುಗಿಸಬೇಕಿತ್ತು, ಇದು ನಾವು ಕಲಿತ ಪಾಠ ಎಂಬರ್ಥದ ಮಾತನ್ನಾಡಿದರು. ಕಲಿತ ಪಾಠ ಮುಂದಿನ ಪರೀಕ್ಷೆಯಲ್ಲಿ ಕಾಣಬೇಕು. ನಮ್ಮ ಈಗಿನ ವಿಧಾನಸಭೆ ಪೂರ್ಣಾವಧಿ ನಡೆದರೆ 2028ರ ಮೇ ತಿಂಗಳಿನಲ್ಲಿ ಮುಗಿಯುತ್ತದೆ, ಲೋಕಸಭೆ 2029ರ ಜೂನಿನಲ್ಲಿ.

ಇದಕ್ಕೆ ಅಡ್ಡಿಗಳಿಲ್ಲವೆಂದಲ್ಲ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ, ಮತಗಟ್ಟೆಗೆ ಶಾಲೆಯ ಕೊಠಡಿಗಳೇ ಬೇಕು, ಮತಗಟ್ಟೆಯ ಕೆಲಸಕ್ಕೆ ಮಾಸ್ತರರೇ ಬೇಕು. ಬೇಸಿಗೆ ರಜೆಯಲ್ಲಿ ಇವೆರಡೂ ಸುಲಭವಾಗಿ ಸಿಗುತ್ತವೆ. ಜನವರಿ ಸುಗ್ಗಿಯ ಕಾಲ, ರೈತನಿಗೆ ಪುರುಸೊತ್ತಿಲ್ಲ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಪರೀಕ್ಷೆಯ ದಿನಾಂಕ, ರಜೆಯ ದಿನಾಂಕ ಎರಡೂ ಸರ್ಕಾರದ ಕೈಯಲ್ಲಿವೆ. ಮೇ ತಿಂಗಳ ಬಿಸಿಲು ಯಾರ ಕೈಯಲ್ಲೂ ಇಲ್ಲ. ಫೆಬ್ರುವರಿಯ ಮೊದಲೆರಡು ವಾರಗಳಲ್ಲಿ ಮತದಾನ ಮುಗಿಸಲು ಮನಸ್ಸು ಮಾಡಿದರೆ ದಾರಿಯಿದೆ ಎಂಬುದು ನಮ್ಮ ಅಭಿಪ್ರಾಯ.

ಅದು ಆಗುವವರೆಗೆ ಆಯೋಗ ಒಂದು ಸಣ್ಣ ಕೆಲಸ ಮಾಡಬಹುದು. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ಜಿಲ್ಲೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಯಲು ಸಭೆ, ಮೆರವಣಿಗೆಗಳಿಗೆ ಯಾವ ಪಕ್ಷಕ್ಕೂ ಅನುಮತಿ ಕೊಡದಿರಲಿ. ಎಲ್ಲರೂ ಒಟ್ಟಿಗೆ ನೆರಳಿಗೆ ಕೂತರೆ ಯಾರಿಗೂ ಹಿಂದೆ ಬಿದ್ದೆನೆಂಬ ಚಿಂತೆಯಿಲ್ಲ. ಹೆಚ್ಚಿನ ಲಾಭ ಬಡ ಅಭ್ಯರ್ಥಿಗೇ, ಏಕೆಂದರೆ ಎದುರಾಳಿಗೆ ಹೆದರಿ ಬಿಸಿಲಿಗೆ ಬೀಳುವವನು ಅವನೇ.

ಮತದಾರರಾದ ನಮಗೂ ಒಂದು ಪಾಲಿದೆ. ಮತ ಕೊಡುವುದು ಬಿಡುವುದು ನಿಮ್ಮ ಇಚ್ಛೆ. ಆದರೆ ಬಿಸಿಲಿನಲ್ಲಿ ಬಾಗಿಲಿಗೆ ಬಂದವರು ಯಾವ ಪಕ್ಷದವರೇ ಆಗಿರಲಿ, ಯಾವ ಪಕ್ಷಕ್ಕೂ ಸೇರದವರಾಗಿರಲಿ, ‘ಒಳಗೆ ಬನ್ನಿ, ಕೂತ್ಕೊಳ್ಳಿ’ ಎಂದು ಒಂದು ತಂಬಿಗೆ ನೀರು ಕೊಡಿ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟಿಗೆ ಇಟ್ಟ ನಾಡು ನಮ್ಮದು. ಜೊತೆಗೆ ಬಂದ ಹೆಣ್ಣುಮಗಳನ್ನು ಬಚ್ಚಲುಮನೆ ಬೇಕೇ ಎಂದು ಮನೆಯ ಹೆಂಗಸರು ತಾವಾಗಿಯೇ ಕೇಳಲಿ. ಅವಳು ಬಾಯಿಬಿಟ್ಟು ಕೇಳುವವಳಲ್ಲ.